ಟಿಣ್ ಮತ್ತು ಒಂದೂವರೆ ಗಂಟೆ

ಮೇಲ್ ಬಂತು ಎಂದು ಕಂಪ್ಯೂಟರ್ ಹೊರಡಿಸುವ ಆ ಸಣ್ಣ ಸದ್ದಿಗಾಗಿ ನಾನು ಊಟದ ಡಬ್ಬಿಯನ್ನು ಅರ್ಧಕ್ಕೆ ಮುಚ್ಚಿ ಎದ್ದದ್ದುಂಟು. ಮಾತಾಡುತ್ತಿದ್ದವರನ್ನು ನಡುವಾಕ್ಯದಲ್ಲೇ ಬಿಟ್ಟು ಓಡಿದ್ದುಂಟು. ಟಿಣ್! ಅಷ್ಟೇ ಸಾಕು, ಕಾಲು ನಿಲ್ಲುತ್ತಿರಲಿಲ್ಲ. ಲೋಕದ ಇನ್ನೊಂದು ಮೂಲೆಯಿಂದ ಯಾರೋ ನನ್ನನ್ನೇ ಹುಡುಕಿಕೊಂಡು ಬಂದಿದ್ದಾರೆ ಅನ್ನಿಸುತ್ತಿತ್ತು. ಬಂದದ್ದು ಎಷ್ಟೋ ಸಲ ಯಾವುದೋ ಸೂಜಿ ಕಂಪನಿಯ ಜಾಹೀರಾತು. ಆದರೂ ಮುಂದಿನ ಟಿಣ್‌ಗೆ ಮತ್ತೆ ಅದೇ ಓಟ.

ಈ ಚಟ ಹತ್ತಿದ್ದು ಕೊಯಮತ್ತೂರಿನ ಶರವಣಂಪಟ್ಟಿಯಲ್ಲಿ. ದಾವಣಗೆರೆಯಿಂದ ಬಂದು ಅಲ್ಲಿನ ಒಂದು ಗಾಜಿನ ಕಟ್ಟಡದಲ್ಲಿ ನಾಲ್ಕು ವರ್ಷ ಕೂತು ಗ್ರಾಹಕರ ದೂರುಗಳಿಗೆ ಉತ್ತರ ಬರೆದವಳು ನಾನು. ದೂರು ಬಂದ ಕೂಡಲೇ ಪರದೆಯ ಮೂಲೆಯಲ್ಲಿ ಒಂದು ಗಡಿಯಾರ ಓಡಲು ಶುರುವಾಗುತ್ತಿತ್ತು. ಅದು ಕೆಂಪಾಗುವುದರೊಳಗೆ ಉತ್ತರ ಹೋಗಬೇಕು. ಉತ್ತರ ಸರಿಯೋ ತಪ್ಪೋ ಯಾರೂ ಕೇಳುತ್ತಿರಲಿಲ್ಲ, ಬೇಗ ಹೋಯಿತೋ ಇಲ್ಲವೋ ಅಷ್ಟನ್ನೇ ನೋಡುತ್ತಿದ್ದರು. ಆ ಆಟದಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ ಎಂದು ಈಗಲೂ ಒಂಚೂರು ಜಂಬವಿದೆ.

ತಿರುಪ್ಪೂರಿಗೆ ಬಂದದ್ದು ಒಂದು ಬಸ್ಸಿನ ದೆಸೆಯಿಂದ. ಒಂದು ಭಾನುವಾರ ಸುಮ್ಮನೆ ಅಂಗಿ ಕೊಳ್ಳಲು ಅಲ್ಲಿಗೆ ಹೊರಟಿದ್ದೆ. ಪಕ್ಕದ ಸೀಟಿನಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದರು. ತಮಿಳು ಅಂದುಕೊಂಡಿದ್ದೆ, ರಾಗವೆಲ್ಲ ತಮಿಳಿನದೇ. ಕಿವಿಗೊಟ್ಟರೆ ಕನ್ನಡ! ನಾನು ತಡೆಯಲಾರದೆ "ನೀವು ಕನ್ನಡದವರಾ?" ಎಂದೆ. "ನಾವು ಮನೇಲ್ ಮಾತಾಡೋದು ಅದು ತಾನೆ," ಎಂದರು ಅವರು. ವೆಳ್ಳಕೋಯಿಲ್ ಕಡೆಯ ನೇಕಾರರ ಮನೆತನ, ಎಷ್ಟು ತಲೆಮಾರಿನಿಂದ ಅಲ್ಲಿದ್ದಾರೆಂದು ಅವರಿಗೇ ತಿಳಿಯದು. ಕನ್ನಡ ಅಕ್ಷರ ಒಂದೂ ಬಾರದು. ಈಗ ತಿರುಪ್ಪೂರಿನಲ್ಲಿ ಸಣ್ಣದೊಂದು ಬನಿಯನ್ ಕಂಪನಿ, ಅಂದರೆ ಉಡುಪು ಹೊಲಿಯುವ ಕಾರ್ಖಾನೆ, ನಡೆಸುತ್ತಿದ್ದರು. ಬಸ್ಸು ಅವಿನಾಶಿ ದಾಟುವುದರೊಳಗೆ ಅವರು ನನ್ನ ಕೈ ಹಿಡಿದು, "ಇಂಗ್ಲೀಷ್ ಚೆನ್ನಾಗ್ ಓದ್ತೀಯಾ ಕಣ್ಣು? ನಮ್ಮ ಕಂಪನಿಗೆ ಬಂದ್ಬುಡು," ಎಂದರು. ಆ ಕಡೆ ಚಿಕ್ಕವರನ್ನು ಮುದ್ದಿನಿಂದ ಕರೆಯುವುದೇ ಕಣ್ಣು ಎಂದು. ನಾನು ಅಂಗಿ ಕೊಳ್ಳುವುದನ್ನು ಮರೆತು ಕೆಲಸ ಒಪ್ಪಿಕೊಂಡು ವಾಪಸಾದೆ. ನನ್ನ ಸ್ವಭಾವವೇ ಹಾಗೆ, ಯೋಚನೆ ಮಾಡುವ ಕೆಲಸವನ್ನು ಯಾವಾಗಲೂ ಆಮೇಲೆ ಮಾಡುತ್ತೇನೆ.

ಅವರನ್ನು ನಾನು ಅಕ್ಕ ಎಂದೇ ಕರೆದೆ. ಅಕ್ಕನ ಕಂಪನಿಯಲ್ಲಿ ಹೊಲಿಗೆಗೆ ಮೂವತ್ತು ಹೆಂಗಸರು, ನೆಲಮಹಡಿಯಲ್ಲಿ ಕಟಿಂಗ್ ಮೇಜು, ಮೇಲೆ ಒಂದು ಕೋಣೆಯ ಆಫೀಸು. ಆಫೀಸಿನಲ್ಲಿ ಒಂದು ಹಳೆಯ ಕಂಪ್ಯೂಟರ್. ಅದರ ಮೇಲ್ ಪ್ರೋಗ್ರಾಮು ತಾನಾಗಿ ಏನನ್ನೂ ತರುತ್ತಿರಲಿಲ್ಲ. ಗುಂಡಿ ಒತ್ತಿದರೆ ಹೋಗಿ ಬಂದದ್ದನ್ನೆಲ್ಲ ಹೊತ್ತು ತರುತ್ತಿತ್ತು, ಇಲ್ಲವೆಂದರೆ ಸುಮ್ಮನಿರುತ್ತಿತ್ತು. ಗುಂಡಿ ಒತ್ತಲು ಅಕ್ಕ ಮೂರು ಹೊತ್ತು ಗೊತ್ತುಮಾಡಿದ್ದರು: ಬೆಳಿಗ್ಗೆ ಹತ್ತು, ಮಧ್ಯಾಹ್ನ ಒಂದೂವರೆ, ಸಂಜೆ ಐದೂವರೆ. ಮಿಕ್ಕ ಹೊತ್ತಿನಲ್ಲಿ ಪ್ರೋಗ್ರಾಮು ಮುಚ್ಚಿರಬೇಕು.

ಮೂರು ಹೊತ್ತೂ ಒಂದು ಸಭೆಯೇ ಸೇರುತ್ತಿತ್ತು! ಅಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು, ಹೊಲಿಗೆಯವರಲ್ಲಿ ಹಿರಿಯರಾದ ನಾಲ್ಕೈದು ಹೆಂಗಸರು ಟೀ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಬಂದ ಮೇಲ್‌ಗಳನ್ನೆಲ್ಲ ನಾನು ಗಟ್ಟಿಯಾಗಿ ಓದಿ, ಅಕ್ಕನಿಗೆ ಕನ್ನಡದಲ್ಲೂ ಉಳಿದವರಿಗೆ ನನ್ನ ಹರಕು ತಮಿಳಿನಲ್ಲೂ ಹೇಳಬೇಕು. ಗುಂಡಿ ಹೊಲಿದದ್ದು ಸಡಿಲ ಎಂದು ಯಾರಾದರೂ ಬರೆದಿದ್ದರೆ ಗುಂಡಿ ಹೊಲಿಯುವವರೇ ಅಲ್ಲಿ ನಿಂತು ಕೇಳುತ್ತಿದ್ದರು. ಕೊನೆಯ ಮೇಲ್ ಓದಿ ಮುಗಿಯುವವರೆಗೆ ಅಕ್ಕ ಯಾವುದಕ್ಕೂ ತೀರ್ಮಾನ ಹೇಳುತ್ತಿರಲಿಲ್ಲ. "ಎಲ್ಲಾ ಓದಿ ಮುಗ್ಸು, ಅಪ್ರಂ ಹೇಳ್ತೀನಿ," ಎನ್ನುತ್ತಿದ್ದರು. ಅಪ್ರಂ ಅಂದರೆ ಆಮೇಲೆ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಯಾಕೆ ಈ ನಿಯಮ ಎಂದು ಕೇಳಿದ್ದಕ್ಕೆ ಅವರು ತಮ್ಮ ಅಪ್ಪನ ಮಗ್ಗದ ಕಥೆ ಹೇಳಿದರು. ಲಾಳಿಯೊಳಗೆ ನೂಲು ಸುತ್ತಿದ ಕಂಡಿಕೆ ಇರುತ್ತದಲ್ಲ, ಅದು ಖಾಲಿಯಾಗುವ ತನಕ ಮನೆಯಲ್ಲಿ ಯಾರೂ ಅಪ್ಪನನ್ನು ಮಾತಾಡಿಸಬಾರದು. ನೆಂಟರು ಬಂದರೂ ಅಷ್ಟೆ, ಹಾಲಿನವನು ಬಂದರೂ ಅಷ್ಟೆ. ಕಂಡಿಕೆ ಬದಲಿಸುವಾಗ ಎಲ್ಲರೂ ಸುತ್ತ ನಿಂತು ಕೇಳಬೇಕಾದ್ದನ್ನೆಲ್ಲ ಒಟ್ಟಿಗೆ ಕೇಳಬೇಕು, ಅಪ್ಪ ಒಟ್ಟಿಗೆ ಉತ್ತರ ಹೇಳಬೇಕು. "ನಡೂಲಿ ನಿಲ್ಸಿದ್ರೆ ಬಟ್ಟೇಲ್ ಗೆರೆ ಬೀಳ್ತದೆ ಕಣ್ಣು," ಎಂದರು ಅಕ್ಕ. ಮಗ್ಗಕ್ಕೂ ಮೇಲ್‌ಗೂ ಏನು ಸಂಬಂಧ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಒಂದು ದಿನ ಆ ಹಳೆಯ ಕಂಪ್ಯೂಟರ್ ಹೊಗೆ ಬಿಟ್ಟು ಪ್ರಾಣ ಬಿಟ್ಟಿತು. ರಿಪೇರಿಯವರು ಡಬ್ಬ ಬಿಚ್ಚಿದರೆ ಒಳಗೆ ಹತ್ತಿಯ ನವಿರು ತುಂಬಿ ಒಂದು ಸಣ್ಣ ದಿಂಬೇ ಆಗಿತ್ತು. ನನಗೋ ಹಬ್ಬ! ಹೊಸ ಕಂಪ್ಯೂಟರ್ ಬಂತು, ಹೊಸ ಪ್ರೋಗ್ರಾಮು ಬಂತು. ಅದಕ್ಕೆ ಗುಂಡಿ ಒತ್ತಬೇಕಾಗಿರಲಿಲ್ಲ, ಹೊತ್ತು ಗೊತ್ತುಮಾಡಬೇಕಾಗಿರಲಿಲ್ಲ. ಅದು ಆ ಕಡೆಯ ಯಂತ್ರದ ಜೊತೆ ದಿನವಿಡೀ ಸಂಪರ್ಕ ಹಿಡಿದುಕೊಂಡೇ ಇದ್ದು, ಮೇಲ್ ಬಂದ ಗಳಿಗೆಯಲ್ಲೇ ಟಿಣ್ ಅನ್ನುತ್ತಿತ್ತು. ನಾನು ಸಂಭ್ರಮದಿಂದ ಅಕ್ಕನಿಗೆ ವಿವರಿಸಿದೆ: "ಇಷ್ಟು ದಿನ ನಾವೇ ಪೋಸ್ಟಾಫೀಸಿಗೆ ಹೋಗಿ ನಮ್ಮ ಕಾಗದ ಬಂದಿದೆಯಾ ಅಂತ ಕೇಳ್ತಿದ್ವಿ ಅಕ್ಕಾ. ಈಗ ಪೋಸ್ಟ್‌ಮ್ಯಾನೇ ಬಂದು ಬಾಗಿಲು ತಟ್ತಾನೆ."

"ತಟ್ಟಿದ್ರೆ ಎದ್ದು ಹೋಗ್ಲೇಬೇಕಾ?" ಎಂದರು ಅಕ್ಕ. ಆದರೂ ಬೇಡ ಅನ್ನಲಿಲ್ಲ. ಮೂರು ಹೊತ್ತಿನ ಓದು ಮಾತ್ರ ನಿಲ್ಲಬಾರದು ಎಂದರು, ಅಷ್ಟೆ.

ಹಳೆಯ ಕಂಪ್ಯೂಟರ್ ಇದ್ದಾಗಲೇ ನಾನು ಇನ್ನೊಂದು ಹಠ ಹಿಡಿದಿದ್ದೆ. ಅಲ್ಲಿಯವರೆಗೆ ಅಕ್ಕನ ಕಂಪನಿ ದೊಡ್ಡ ಕಂಪನಿಗಳಿಗೆ ಹೊಲಿದುಕೊಡುವುದನ್ನಷ್ಟೇ ಮಾಡುತ್ತಿತ್ತು. ಬಟ್ಟೆ ಅವರದು, ಹೆಸರು ಅವರದು, ಸೀಸನ್ ಮುಗಿದರೆ ನಮ್ಮ ಹೆಂಗಸರು ಕೆಲಸವಿಲ್ಲದೆ ವಾರಗಟ್ಟಲೆ ಮನೆಯಲ್ಲಿ. ನಾವೇ ನೇರವಾಗಿ ವಿದೇಶದ ಆರ್ಡರ್ ಹಿಡಿಯೋಣ ಎಂದು ನಾನು ಅಕ್ಕನ ತಲೆ ತಿಂದೆ. ಸಿಕ್ಕಸಿಕ್ಕ ಅಂಗಡಿಗಳಿಗೆ ಮೇಲ್ ಬರೆದೆ. ಯುರೋಪಿನ ಒಂದು ಸಣ್ಣ ಊರಿನಿಂದ ಮಕ್ಕಳ ಉಡುಪಿನ ಅಂಗಡಿಯ ಒಡತಿಯೊಬ್ಬಳು ಉತ್ತರ ಬರೆದಳು. ಎಳೆಕೂಸುಗಳಿಗೆ ಹಳದಿ ಬಣ್ಣದ ಉಡುಪು ಬೇಕು, ಬಣ್ಣ ಮಾತ್ರ ತಾನು ಹೇಳಿದ್ದೇ ಇರಬೇಕು, ಇದು ಚೆನ್ನಾಗಿ ಬಂದರೆ ಪ್ರತಿ ಸೀಸನ್ನಿಗೂ ನೀವೇ ಎಂದಳು. ಆ ಮೇಲ್ ಓದಿದ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತಿದ್ದ ಹೆಂಗಸರು ಚಪ್ಪಾಳೆ ತಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ. ಬಣ್ಣ ಕೆಟ್ಟರೆ ಮಾತ್ರ ಎಲ್ಲ ಮುಗಿಯಿತು, ಮತ್ತೆ ಬೇರೆಯವರ ಬಟ್ಟೆ ಹೊಲಿಯುವುದೇ ಗತಿ. ಹಠ ನನ್ನದಾಗಿದ್ದರಿಂದ ಭಯವೂ ಎಲ್ಲರಿಗಿಂತ ಹೆಚ್ಚಾಗಿ ನನಗೇ ಇತ್ತು.

ಮೊದಮೊದಲು ಆಕೆ ದಿನಕ್ಕೆ ಒಂದೇ ಮೇಲ್ ಬರೆಯುತ್ತಿದ್ದಳು. ಉದ್ದನೆಯ ಮೇಲ್, ಎಲ್ಲದಕ್ಕೂ ಅಂಕಿ ಹಾಕಿ, ಅಚ್ಚುಕಟ್ಟು. ಹೊಸ ಕಂಪ್ಯೂಟರ್ ಬಂದ ಮೇಲೆ ನಾನು ಎರಡೆರಡು ನಿಮಿಷಕ್ಕೆ ಉತ್ತರ ಕೊಡಲು ಶುರುಮಾಡಿದೆ. "ಅಬ್ಬಾ, ಎಷ್ಟು ಬೇಗ!" ಎಂದು ಆಕೆ ಬರೆದಾಗ ನಾನು ಆ ಸಾಲನ್ನು ಹತ್ತು ಸಲ ಓದಿಕೊಂಡೆ. ಬರಬರುತ್ತಾ ಆಕೆಯ ಮೇಲ್‌ಗಳು ಚಿಕ್ಕವಾದವು, ಒಂದು ಐದಾಯಿತು, ಐದು ಎಂಟಾಯಿತು. ಅದನ್ನು ನಾನು ಸ್ನೇಹ ಎಂದುಕೊಂಡೆ.

ಬಣ್ಣ ತೀರ್ಮಾನವಾಗುವ ದಿನ ಬಂತು. ಒಂದೇ ಹಳದಿಯನ್ನು ಮೂರು ಹದದಲ್ಲಿ ಅದ್ದಿದ ಅಂಗೈಯಷ್ಟು ಬಟ್ಟೆಯ ತುಂಡುಗಳಿಗೆ ಎ, ಬಿ, ಸಿ ಎಂದು ಚೀಟಿ ಅಂಟಿಸಿ ಆಕೆಗೆ ಕಳಿಸಿದ್ದೆವು. ಎ ಕಿತ್ತಳೆಗೆ ಹತ್ತಿರ, ಬಿ ಮಾಗಿದ ನಿಂಬೆ, ಸಿ ಬೆಣ್ಣೆಯಂಥ ತಿಳಿ ಹಳದಿ. ಬಟ್ಟೆಗೆ ಬಣ್ಣ ಹಾಕುವ ಊರಾಚೆಯ ಡೈಯಿಂಗ್‌ನಲ್ಲಿ ಆ ದಿನ ಹನ್ನೆರಡಕ್ಕೆ ನಮ್ಮ ಸರದಿ. ಹನ್ನೆರಡರೊಳಗೆ ಬಣ್ಣ ಹೇಳದಿದ್ದರೆ ಬೇರೆಯವರ ಬಟ್ಟೆ ಹಾಕುತ್ತೇನೆ, ಆಮೇಲೆ ನಾಲ್ಕು ದಿನ ಕಾಯಬೇಕು ಎಂದು ಅಲ್ಲಿನ ಮಾಸ್ಟರ್ ಖಡಾಖಂಡಿತ ಹೇಳಿದ್ದರು. ಅಕ್ಕ ಕಾಯೋಣ ಎಂದಿದ್ದರು. ನಾನು ಮಾತ್ರ ಬೆಳಗಿನಿಂದ ಪರದೆಗೆ ಕಣ್ಣು ನೆಟ್ಟು ಕೂತಿದ್ದೆ.

ಹನ್ನೊಂದೂ ಮುಕ್ಕಾಲಿಗೆ, ಟಿಣ್! "ಬಿ. ತುಂಬಾ ಚೆನ್ನಾಗಿದೆ." ನಾನು ಕುರ್ಚಿಯಿಂದ ಹಾರಿದೆ. ಮಾಸ್ಟರಿಗೆ ಫೋನ್ ಮಾಡಿ "ಬಿ, ಬಿ, ಬಿ" ಎಂದು ಮೂರು ಸಲ ಕೂಗಿದೆ. ಬಟ್ಟೆ ಹಾಕಿಬಿಡುತ್ತೇನೆ ಎಂದರು. ಸರದಿ ಸಿಕ್ಕಿತು! ನಾಲ್ಕು ದಿನ ಉಳಿಯಿತು! ಈ ಸಂತೋಷವನ್ನು ಯಾರಿಗೆ ಹೇಳಲಿ ಎಂದು ಕೆಳಗೆ ಓಡಿ ಹೊಲಿಗೆಯವರಿಗೆಲ್ಲ ಹೇಳಿ, ಮೇಲೆ ಬರುವಷ್ಟರಲ್ಲಿ ಇನ್ನೊಂದು ಟಿಣ್. "ಕ್ಷಮಿಸಿ. ಈಗ ಕಿಟಕಿಯ ಬೆಳಕಿನಲ್ಲಿ ನೋಡಿದೆ. ಬಿ ಸ್ವಲ್ಪ ಗಾಢ ಅನ್ನಿಸುತ್ತದೆ. ಸಿ ಇರಲಿ."

ಮಾಸ್ಟರಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ, ಆ ಯಂತ್ರಗಳ ಸದ್ದಿನಲ್ಲಿ ಫೋನ್ ಎಲ್ಲಿ ಕೇಳಬೇಕು? ಸ್ಕೂಟಿಯ ಕೀಲಿ ಹಿಡಿದು ಮೆಟ್ಟಿಲಿಳಿದೆ. ಕೆಳಗೆ ಕಟಿಂಗ್ ಮೇಜಿನ ಹತ್ತಿರ ಅಕ್ಕ ನಿಂತಿದ್ದರು. "ಎಲ್ಲಿ ಓಡ್ತಾ ಇದೀಯೆ?" "ಬಿ ಅಲ್ಲ ಅಕ್ಕಾ, ಸಿ ಅಂತೆ!" "ಒಂದೂವರೆ ಆಗ್ಲಿ ಕಣ್ಣು..." ಅಕ್ಕ ಹೇಳಿ ಮುಗಿಸುವಾಗ ನಾನು ಗೇಟು ದಾಟಿದ್ದೆ.

ತಿರುಪ್ಪೂರಿನ ರಸ್ತೆಗಳಲ್ಲಿ ಹನ್ನೆರಡು ಗಂಟೆಗೆ ಸ್ಕೂಟಿ ಓಡಿಸುವುದು ಏನೆಂದು ಓಡಿಸಿದವರಿಗೇ ಗೊತ್ತು. ಮುಂದೆ ಬಟ್ಟೆ ಉರುಳೆ ಹೇರಿದ ಆಟೊ, ಪಕ್ಕದಲ್ಲಿ ಡಬ್ಬಗಳನ್ನು ಆಕಾಶದವರೆಗೆ ಕಟ್ಟಿಕೊಂಡ ಮೊಪೆಡ್ಡು, ರೈಲ್ವೆ ಸೇತುವೆಯ ಹತ್ತಿರ ಬಸ್ಸುಗಳ ಜಗಳ. ನಾನು ಎಲ್ಲರನ್ನೂ ಬೈಯುತ್ತ, ಎಲ್ಲರಿಂದಲೂ ಬೈಸಿಕೊಳ್ಳುತ್ತ ಹೋದೆ. ನಿಜ ಹೇಳಬೇಕೆಂದರೆ ಭಯದ ಜೊತೆಗೆ ಒಂದು ಖುಷಿಯೂ ಇತ್ತು. ಹಳೆಯ ಕಂಪ್ಯೂಟರ್ ಇದ್ದಿದ್ದರೆ ಈ ಎರಡನೆಯ ಮೇಲ್ ಒಂದೂವರೆಯವರೆಗೆ ತಿಳಿಯುತ್ತಲೇ ಇರಲಿಲ್ಲ ತಾನೇ ಎಂದು ದಾರಿಯುದ್ದಕ್ಕೂ ಅಕ್ಕನ ಜೊತೆ ಮನಸ್ಸಿನಲ್ಲೇ ವಾದ ಮಾಡಿ ಗೆದ್ದೆ. ಹಳೆಯ ಕಂಪ್ಯೂಟರ್ ಇದ್ದಿದ್ದರೆ ಮೊದಲನೆಯದೂ ತಿಳಿಯುತ್ತಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಡೈಯಿಂಗ್ ತಲುಪಿದಾಗ ಬಟ್ಟೆ ಯಂತ್ರದೊಳಗೆ ತಿರುಗುತ್ತಿತ್ತು. ನಿಲ್ಲಿಸಿ, ನಿಲ್ಲಿಸಿ ಎಂದು ಕೂಗಿದೆ. ಮಾಸ್ಟರ್ ನಕ್ಕು ಗಾಜಿನ ಕಿಂಡಿ ತೋರಿಸಿದರು. ಬಿಳಿ ಬಟ್ಟೆ! ಮೊದಲು ಒಂದು ಗಂಟೆ ಬಟ್ಟೆಯ ಎಣ್ಣೆ ಕೊಳೆ ತೆಗೆದು ಬಿಳುಪು ಮಾಡುತ್ತಾರೆ, ಬಣ್ಣ ಆಮೇಲೆ. ನಾನು "ಸಿ" ಎಂದೆ. "ಸೆರಿಂಗ," ಎಂದು ಒಪ್ಪಿಕೊಂಡು ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ತಲೆಗೂದಲೆಲ್ಲ ಕೆದರಿ ನಾನು ಹೇಗೆ ಕಾಣುತ್ತಿದ್ದೆನೋ. ಹೊರಗೆ ಬಂದು ಎಳನೀರು ಕುಡಿದೆ. ಇನ್ನೊಂದು ಎಳನೀರು ಕುಡಿದೆ. ಗೆದ್ದು ಬಂದವಳ ಗತ್ತಿನಲ್ಲಿ ನಿಧಾನವಾಗಿ ವಾಪಸು ಹೊರಟೆ.

ಆಫೀಸಿಗೆ ಬಂದಾಗ ಒಂದೂವರೆ. ಅಕ್ಕ ಕುರ್ಚಿಯಲ್ಲಿ ಕೂತಿದ್ದರು, ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಅವರಲ್ಲೊಬ್ಬರು, ನೀನು ಹೋದ ಮೇಲೆ ಅದು ಇನ್ನೊಂದು ಸಲ ಕೂಗಿತು, ನಮಗೇನು ತಿಳಿಯುತ್ತದೆ, ಸುಮ್ಮನಿದ್ದೆವು ಎಂದರು. ನಾನು ಕೂತು ಓದಲು ಶುರುಮಾಡಿದೆ. ಮೊದಲನೆಯದು ಓದಿದೆ. ಎರಡನೆಯದು ಓದಿದೆ. ಮೂರನೆಯದನ್ನು ನಾನೂ ನೋಡಿರಲಿಲ್ಲ.

"ಗೊಂದಲ ಮಾಡಿದ್ದಕ್ಕೆ ಮತ್ತೆ ಕ್ಷಮಿಸಿ. ಎರಡನ್ನೂ ಒಂದು ಮಗುವಿನ ಕೆನ್ನೆಯ ಪಕ್ಕ ಹಿಡಿದು ನೋಡಿದೆ. ಬಿ ಸರಿ. ಬಿ ಮಾತ್ರ. ಇದೇ ಕೊನೆಯ ಮಾತು."

ನಾನು ಎಳನೀರು ಕುಡಿಯುತ್ತಿದ್ದಾಗ ಬಂದ ಮೇಲ್ ಅದು. ಖಾಲಿ ಕೋಣೆಯಲ್ಲಿ ಟಿಣ್ ಎಂದಿತ್ತು, ಕೇಳಲು ಓಡುವವಳೇ ಇರಲಿಲ್ಲ. ಇಷ್ಟು ಹೊತ್ತಿಗೆ ಬಟ್ಟೆಗೆ ಸಿ ಬಣ್ಣ ಬಿದ್ದಿರುತ್ತದೆ. ಮೂವತ್ತು ಜನರ ಕೆಲಸ ನನ್ನ ಕೈಯಾರೆ ಹಾಳಾಯಿತು. ನಾನು ಅಕ್ಕನ ಮುಖ ನೋಡಲಾರದೆ ಅಳಲು ಶುರುಮಾಡಿದೆ, ಎಲ್ಲರ ಎದುರಿಗೇ, ಚಿಕ್ಕ ಹುಡುಗಿಯ ಹಾಗೆ.

"ಇನ್ನು ಮೇಲ್ ಇಲ್ಲ್ಯಾ?" ಎಂದರು ಅಕ್ಕ.

"ಇಲ್ಲಕ್ಕಾ."

"ಎಲ್ಲಾ ಮುಗೀತಾ?"

"ಮುಗೀತು."

ಅಕ್ಕ ಫೋನ್ ತೆಗೆದು ಮಾಸ್ಟರಿಗೆ ತಮಿಳಿನಲ್ಲಿ, ಮಿಕ್ಕ ಬಣ್ಣವನ್ನೂ ಹಾಕಿಬಿಡಿ, ಬಿ ಮಾಡಿ ಎಂದರು. ಅಷ್ಟೇ! ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ನಾನು ಡೈಯಿಂಗ್‌ನಿಂದ ಹೊರಟ ಕೂಡಲೇ ಮಾಸ್ಟರ್ ಅಕ್ಕನಿಗೆ ಫೋನ್ ಮಾಡಿ, ಆ ಹುಡುಗಿ ಒಂದು ಗಂಟೆಯಲ್ಲಿ ಎರಡು ಬಣ್ಣ ಹೇಳಿತು, ಯಾವುದನ್ನು ನಂಬಲಿ ಎಂದು ಕೇಳಿದ್ದರು. ಅಕ್ಕ, ತಿಳಿಯಾದದ್ದಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ಹಾಕಿ ನಿಲ್ಲಿಸಿ, ಮಿಕ್ಕದ್ದನ್ನು ಕಲಸಿಟ್ಟುಕೊಂಡು ಕಾಯಿರಿ, ನಾವು ಒಂದೂವರೆಗೆ ಮೇಲ್ ಓದಿ ಹೇಳುತ್ತೇವೆ ಎಂದಿದ್ದರು.

"ಕಲರ್ ಏರಿಸ್ಬೌದು ಕಣ್ಣು, ಇಳಿಸೋಕ್ಕಾಗಲ್ಲ. ಅಳಬೇಡ, ಮೊದ್ಲು ಊಟ ಮಾಡು," ಎಂದರು ಅಕ್ಕ. ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು, ತಬ್ಬಿಕೊಂಡೆ ಕೂಡ. ಹೆಂಗಸರೆಲ್ಲ ನಕ್ಕರು.

ಸಂಜೆ ಡೈಯಿಂಗ್‌ನಿಂದ ಬಟ್ಟೆಯ ತುಂಡು ಬಂತು. ನಾನು ಕಿಟಕಿಯ ಹತ್ತಿರ ಓಡಿ ಬಿ ತುಂಡಿನ ಪಕ್ಕ ಹಿಡಿದೆ. ಎರಡರ ನಡುವಿನ ಅಂಚು ಎಲ್ಲಿದೆ ಎಂದೇ ಕಾಣಿಸಲಿಲ್ಲ. ಅಷ್ಟು ಜೋರಾಗಿ ಕೂಗಿದೆನೆಂದರೆ ಕೆಳಗಿನ ಹೊಲಿಗೆ ಯಂತ್ರಗಳೆಲ್ಲ ಒಮ್ಮೆಗೇ ನಿಂತವು.

ಆದರೆ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಅಷ್ಟು ಅಚ್ಚುಕಟ್ಟಾಗಿ ಅಂಕಿ ಹಾಕಿ ಬರೆಯುತ್ತಿದ್ದ ಹೆಂಗಸು ಒಂದು ಗಂಟೆಯಲ್ಲಿ ಎರಡು ಸಲ ಮನಸ್ಸು ಬದಲಿಸಿದ್ದು ಯಾಕೆ? ಹಳೆಯ ಮೇಲ್‌ಗಳನ್ನೆಲ್ಲ ತೆರೆದು ನೋಡುತ್ತಾ ಹೋದೆ. ಹೊಸ ಕಂಪ್ಯೂಟರ್ ಬರುವ ಮುಂಚೆ ಒಂದೇ ಒಂದು ಸಲವೂ ಆಕೆ "ಕ್ಷಮಿಸಿ" ಎಂದು ಬರೆದಿರಲಿಲ್ಲ. ನಾನು ಎರಡು ನಿಮಿಷದ ಉತ್ತರ ಶುರುಮಾಡಿದ ವಾರದಿಂದ ಅವಳ ಕ್ಷಮಾಪಣೆಗಳೂ ಶುರುವಾಗಿದ್ದವು.

ಅಕ್ಕನಿಗೆ ಹೇಳಿದೆ. ಅಕ್ಕ, "ನಾವು ಯಾವಾಗ್ ಓದ್ತೀವಿ ಅಂತ ಅವ್ಳಿಗೆ ಹೇಳೇ ಇಲ್ಲ ತಾನೆ? ಬರಿ," ಎಂದರು. ನಾನು ಬರೆದೆ. ನಾವು ದಿನಕ್ಕೆ ಮೂರು ಹೊತ್ತು ಎಲ್ಲರೂ ಸೇರಿ ನಿಮ್ಮ ಮೇಲ್ ಓದುತ್ತೇವೆ, ನಿಮ್ಮ ಊರಿನ ಗಡಿಯಾರದಲ್ಲಿ ಅದು ಇಂತಿಂಥ ಹೊತ್ತು, ಅದರ ಮುಂಚೆ ನೀವು ಕೊನೆಯದಾಗಿ ಏನು ಬರೆದಿರುತ್ತೀರೋ ಅದನ್ನೇ ಮಾಡುತ್ತೇವೆ ಎಂದೆ. ಕಳಿಸಿದ ಮೇಲೆ ಪ್ರೋಗ್ರಾಮಿನ ಟಿಣ್ ಆರಿಸಿ, ಮುಚ್ಚಿ, ಮನೆಗೆ ಹೋದೆ. ಹೆದರಿಕೆಯೇನೂ ಕಡಿಮೆಯಿರಲಿಲ್ಲ, ಇವರು ನಿಧಾನದವರು ಎಂದು ಬಿಟ್ಟುಹೋದರೆ?

ಮರುದಿನ ಹತ್ತು ಗಂಟೆಗೆ ಎಲ್ಲರೂ ಸೇರಿದೆವು. ಉತ್ತರ ಬಂದಿತ್ತು. ಮೊದಲು ಮುಂದಿನ ಸೀಸನ್ನಿನ ಆರ್ಡರ್ ಬಗ್ಗೆ ನಾಲ್ಕು ಸಾಲು, ಅಂಕಿ ಹಾಕಿ. ಬಾಗಿಲಲ್ಲಿ ಗುಜುಗುಜು ಎದ್ದಿತು, ಯಾರೋ ಯಾರದೋ ಬೆನ್ನಿಗೆ ಗುದ್ದಿದರು. ಕೆಳಗೆ ಇನ್ನೂ ಸ್ವಲ್ಪ ಇತ್ತು. ಅದನ್ನು ನಾನು ಕನ್ನಡದಲ್ಲಿ ಹೇಳಿದೆ:

"ಹೇಳಿದ್ದು ಒಳ್ಳೆಯದಾಯಿತು. ನಿಮ್ಮ ಉತ್ತರ ಎರಡೇ ನಿಮಿಷಕ್ಕೆ ಬರುತ್ತಿತ್ತು, ನೀವು ಅಲ್ಲಿ ಬೇರೆ ಕೆಲಸ ಬಿಟ್ಟು ನನಗಾಗಿಯೇ ಕಾದು ಕೂತಿದ್ದೀರಿ ಅಂದುಕೊಂಡಿದ್ದೆ. ನಿಮ್ಮನ್ನು ಕಾಯಿಸಬಾರದೆಂದು, ಬಟ್ಟೆಯನ್ನು ಸರಿಯಾಗಿ ನೋಡುವ ಮೊದಲೇ ಬರೆದುಬಿಡುತ್ತಿದ್ದೆ."

ಅಕ್ಕ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು.

"ಪಾಪ, ಅವ್ಳೂ ಅಲ್ಲಿ ಓಡ್ತಾನೇ ಇದ್ಳು," ಎಂದರು. "ಇನ್ನೊಂದ್ ಸಲ ಓದು ಕಣ್ಣು. ಮೆಲ್ಲಗೆ ಓದು."

ನಾನು ಮೆಲ್ಲಗೆ ಓದಿದೆ.